ಸೂಜಿಗೆ ದಾರ

ಅರವತ್ತರ ದಶಕದಲ್ಲಿ ಕಾನೂನು ಓದುತ್ತಿದ್ದಾಗ, ದಾವಣಗೆರೆಯ ಹಿರಿಯ ವಕೀಲರೊಬ್ಬರಲ್ಲಿ ಕೆಲಸ ಕಲಿಯಲು ಹೋಗುತ್ತಿದ್ದೆ. ಏನು ಬರೆದು ತೋರಿಸಿದರೂ ಅವರು ಕನ್ನಡಕವನ್ನು ಹಣೆಗೇರಿಸಿ, "ಅಲ್ಲಿ ಹೋಗಿ ಕೂತು ನೋಡಿದ್ಯೇನಪ್ಪ?" ಎನ್ನುತ್ತಿದ್ದರು.

ಒಮ್ಮೆ ಹರಿಹರದ ದರ್ಜಿಯೊಬ್ಬರು ಬಂದರು. ಪಕ್ಕದ ವ್ಯಾಪಾರಿ ಗೋದಾಮಿನ ಗೋಡೆ ಎತ್ತರಿಸಿ ಅವರ ಕಿಟಕಿಯ ಬೆಳಕು ಮುಚ್ಚಿದ್ದ. ನಾನು ಹುರುಪಿನಿಂದ ಎಂಟು ಪುಟದ ದಾವೆ ಬರೆದೆ. ವಕೀಲರು ಅದನ್ನು ಓದಲೂ ಇಲ್ಲ. "ಕೂತು ನೋಡೋಣ, ನಡಿ," ಎಂದು ಹರಿಹರದ ರೈಲು ಹತ್ತಿಸಿದರು.

ದರ್ಜಿಯ ಹೊಲಿಗೆ ಯಂತ್ರದ ಮುಂದೆ ತಾವೇ ಕೂತು ಸೂಜಿಗೆ ದಾರ ಪೋಣಿಸಲು ನೋಡಿದರು. ಆಗಲಿಲ್ಲ. ವ್ಯಾಪಾರಿಯನ್ನು ಕರೆಸಿ, "ಸಾವ್ಕಾರ್ರೇ, ನನ್ನ ಕಣ್ಣು ಮಂಜಾಗ್ಯಾವು. ಇದೊಂದು ಪೋಣಿಸಿ ಕೊಡ್ರಿ," ಎಂದರು.

ಜಗಳಕ್ಕೆಂದೇ ಬಂದಿದ್ದ ವ್ಯಾಪಾರಿ ಕೂತ. ದಾರದ ತುದಿಗೆ ಎಂಜಲು ಹಚ್ಚಿ ಹೊಸೆದ. ಮೂರು ಸಲ ತಪ್ಪಿತು. ತಲೆಯೆತ್ತಿ ತನ್ನದೇ ಗೋಡೆಯನ್ನು ಬಹಳ ಹೊತ್ತು ನೋಡಿದ.

"ಇಷ್ಟು ಕತ್ಲ ಐತೆ ಅಂತ ಗೊತ್ತಿರ್ಲಿಲ್ರಿ," ಎಂದ. ಮರುದಿನವೇ ಗೌಂಡಿಯನ್ನು ಕರೆಸಿ ಗೋಡೆ ಇಳಿಸಿದ.

ವಕೀಲರು ಕಾನೂನಿನ ಒಂದು ಮಾತೂ ಆಡಿರಲಿಲ್ಲ. ನನ್ನ ಚೀಲದಲ್ಲಿದ್ದ ಎಂಟು ಪುಟಗಳಲ್ಲಿ ಕಾನೂನೆಲ್ಲ ಇತ್ತು. ಆ ಕತ್ತಲೆ ಮಾತ್ರ ಇರಲಿಲ್ಲ.