ಮನಶ್ಶಾಸ್ತ್ರದ ಹುಡುಗಿಯನ್ನು ನೋಡಲು ಬಂದವರು

ಮೈಸೂರಿನಲ್ಲಿ ಬಿ.ಎ.ಗೆ ಮನಶ್ಶಾಸ್ತ್ರ ಓದುತ್ತಿದ್ದೇನೆಂದು ತಿಳಿದೊಡನೆ ನಮ್ಮ ಕಾಫಿ ಸೀಮೆಯ ಜನ ಒಂದೋ ಶಲ್ಯ, ಸೆರಗು ಸರಿಮಾಡಿಕೊಂಡು ಮುಖ ಆಚೆ ತಿರುಗಿಸುತ್ತಿದ್ದರು, ಇಲ್ಲವೇ ತಮ್ಮ ಮನಸ್ಸಿನಲ್ಲಿ ಏನಿದೆ ಹೇಳು ನೋಡುವ ಎಂದು ಎದುರಿಗೇ ಕೂತುಬಿಡುತ್ತಿದ್ದರು. ಚರಿತ್ರೆ ಓದುವವನ ಮುಂದೆ ಯಾರೂ ತಮ್ಮ ಅಜ್ಜನ ಸಂಗತಿ ಬಚ್ಚಿಡುವುದಿಲ್ಲ. ಭೂಗರ್ಭಶಾಸ್ತ್ರ ಓದುವವನಿಗೆ ಯಾರೂ ಅಂಗಳ ಅಗೆದು ಚಿನ್ನ ತೋರಿಸು ಎನ್ನುವುದಿಲ್ಲ. ಈ ಭಾಗ್ಯ ನಮ್ಮ ಶಾಸ್ತ್ರಕ್ಕೆ ಮಾತ್ರ.

ನಾನು ನಿಜವಾಗಿ ಕಲಿಯುತ್ತಿದ್ದದ್ದೇನೆಂದು ನಿಮಗೆ ಗುಟ್ಟಾಗಿ ಹೇಳುತ್ತೇನೆ. ಗೆಳತಿಯ ಮುಂಗೈಗೆ ಎರಡು ಮೊನೆ ತಾಗಿಸಿ ಒಂದೋ ಎರಡೋ ಎಂದು ಕೇಳುವುದು. ಗಂಟೆಯ ಸದ್ದಾದೊಡನೆ ಗುಂಡಿ ಒತ್ತುವುದು. ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಮರುದಿನ ಎಷ್ಟು ಮರೆತೆನೆಂದು ಶಾಸ್ತ್ರೋಕ್ತವಾಗಿ ಬರೆದಿಡುವುದು. ಮರೆತದ್ದಕ್ಕೂ ಅಂಕ ಕೊಡುವ ವಿದ್ಯೆ ಇದೊಂದೇ ಆದ್ದರಿಂದ ನನಗೆ ಇದರ ಮೇಲೆ ಅತೀವ ಪ್ರೀತಿ. ಪದವಿ ಪಡೆಯಲೇಬೇಕೆಂಬ ಹಟವೂ ಇತ್ತು.

ಕೊನೆಯ ವರ್ಷದ ಕ್ರಿಸ್‌ಮಸ್ ರಜೆಗೆ ಆಲ್ದೂರಿನ ಹತ್ತಿರದ ನಮ್ಮ ತೋಟಕ್ಕೆ ಬಂದಿದ್ದೆ. ಕಾಫಿ ಕುಯ್ಲಿನ ಆ ಗಡಿಬಿಡಿಯಲ್ಲೇ ಮೂಡಿಗೆರೆ ಕಡೆಯ ಒಂದು ಕುಟುಂಬ, ಯುದ್ಧಕಾಲದ ಪೆಟ್ರೋಲಿನ ಬರಕ್ಕೆ ಕಾರನ್ನು ಮನೆಯಲ್ಲೇ ಬಿಟ್ಟು, ಎತ್ತಿನ ಗಾಡಿಯಲ್ಲಿ ನನ್ನನ್ನು ನೋಡಲು ಬಂತು. ಹುಡುಗ ಒಳ್ಳೆಯವನಂತೆ ಕಂಡ. ತೊಡಕಿದ್ದದ್ದು ಮುಹೂರ್ತದಲ್ಲಿ: ಅವರಿಗೆ ಮಾಘದಲ್ಲೇ ಮದುವೆಯಾಗಬೇಕು, ನನ್ನ ಪರೀಕ್ಷೆ ಅದರ ಮುಂದಿನ ತಿಂಗಳು. ಮದುವೆಯಾದವಳು ಮೈಸೂರಿಗೆ ಹಿಂದಿರುಗಿ ಪರೀಕ್ಷೆ ಬರೆಯುವ ರೂಢಿ ನಮ್ಮಲ್ಲಿರಲಿಲ್ಲ. ದಿನ ಮುಂದೂಡಿ ಎಂದು ಹೆಣ್ಣಿನ ಕಡೆಯವರು ಕೇಳುವುದು ಮರ್ಯಾದೆಯಲ್ಲವೆಂದು ಅಪ್ಪ ಬಾಯಿ ಬಿಡಲಿಲ್ಲ. ನನಗೆ ಅಳು ಬರುವಷ್ಟು ಸಂಕಟವಾಗಿತ್ತು.

ಜಗಲಿಯಲ್ಲಿ ಕೂತವರ ಸಂಕಟವೇ ಬೇರೆ. ನನ್ನ ಓದಿನ ಖ್ಯಾತಿ ಮೊದಲೇ ಅವರ ಕಿವಿ ಮುಟ್ಟಿತ್ತು. ಹುಡುಗನ ಸೋದರಮಾವ ಕಂಬದ ಮರೆಗೆ ಸರಿದು ಕಾಫಿ ಕುಡಿದರು. ಹುಡುಗನಂತೂ ತನ್ನ ಕಾಲಿನ ಹೆಬ್ಬೆರಳನ್ನೇ ಏಕಾಗ್ರಚಿತ್ತದಿಂದ ಅಧ್ಯಯನ ಮಾಡುತ್ತಿದ್ದ. ನೋಡಲು ಬಂದವರೇ ನೋಟಕ್ಕೆ ಹೆದರಿದ ಆ ವಧೂಪರೀಕ್ಷೆಯಲ್ಲಿ ನನಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಹುಡುಗನ ತಾಯಿ ಮಾತ್ರ ಎದ್ದು ಕಣಕ್ಕೆ ನಡೆದರು. ತೋಟದ ಮನೆಯ ಹೆಂಗಸರು ಹಾಗೆಯೇ. ಯಾರ ಮನೆಯ ಕಣವಾಗಲಿ, ಒಣಹಾಕಿದ ಕಾಫಿ ಹಣ್ಣು ಕಂಡರೆ ಕೂತು ಕೈಯಾಡಿಸದೆ ಇರಲಾರರು. ಅಮ್ಮ ನನ್ನನ್ನೂ ಹಿಂದೆಯೇ ಅಟ್ಟಿದಳು. ಇಬ್ಬರೂ ಹಣ್ಣು ತಿರುವುತ್ತಾ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವರು ತಲೆಯೆತ್ತದೆ ಕೇಳಿದರು:

“ನನ್ನ ಮನಸ್ಸಲ್ಲಿ ಎಂತ ಇದೆ, ಹೇಳು ನೋಡುವ.”

“ನೀವು ಹೇಳಿದ್ರೆ ಗೊತ್ತಾಗ್ತದೆ,” ಎಂದೆ. ಅದು ಜಾಣತನದ ಮಾತಲ್ಲ, ನನ್ನ ಅಷ್ಟೂ ಓದಿನ ಪ್ರಾಮಾಣಿಕ ಸಾರಾಂಶ.

ಅವರು ನಕ್ಕು ಮತ್ತೆ ಹಣ್ಣು ತಿರುವತೊಡಗಿದರು. ಕೊನೆಗೆ ಅವರೇ ಹಿರಿಮಗಳು ಸೀತೆಯ ಮಾತು ತೆಗೆದರು. ಮೂಡಿಗೆರೆಯ ಶಾಲೆಯಲ್ಲಿ ಇನ್ನೊಂದು ವರ್ಷ ಓದುತ್ತೇನೆಂದು ಅವಳು ಅಂಗಲಾಚಿದ್ದಳಂತೆ. ಬಂದ ಸಂಬಂಧ ಕಾಯುವುದಿಲ್ಲವೆಂದು ಇವರೇ ಒಪ್ಪಿಸಿದರಂತೆ. ಮೊದಲ ಬಾಣಂತನದಲ್ಲೇ ಅವಳು ತೀರಿಕೊಂಡಳು. ಅಂದಿನಿಂದ, ತಾಯಿ ಅತ್ತಾರೆಂದು ಮನೆಯಲ್ಲಿ ಯಾರೂ ಅವಳ ಹೆಸರು ಎತ್ತುವುದಿಲ್ಲ. ಎಲ್ಲರಿಗೂ ನೋವೆಂದು ತಾಯಿಯೂ ಎತ್ತುವುದಿಲ್ಲ. ನನ್ನ ಕಣ್ಣು ತುಂಬಿ ಕೈ ನಿಂತಿತು, ಅವರ ಕೈ ನಿಲ್ಲಲಿಲ್ಲ. ನಿನ್ನ ಓದು ಇನ್ನೆಷ್ಟು ಬಾಕಿ ಎಂದು ಕೇಳಿದರು. ಪರೀಕ್ಷೆಯೊಂದೇ ಎಂದೆ.

ಸೀರೆಯ ಧೂಳು ಕೊಡವಿಕೊಂಡು ಎದ್ದು ಜಗಲಿಗೆ ಬಂದರು. ಪಂಚಾಂಗ ಹಿಡಿದಿದ್ದ ಸೋದರಮಾವನಿಗೆ, ಮಾಘದಲ್ಲಿ ಕುಯ್ಲೇ ಮುಗಿದಿರುವುದಿಲ್ಲ, ಮದುವೆಗೆ ಬರುವವರು ಯಾರು ಎಂದು ಮೊದಲು ಗದರಿದರು. ಆಮೇಲೆ ದನಿ ತಗ್ಗಿಸಿ, “ವೈಶಾಖದಲ್ಲಿ ಆಗ್ಲಿ. ಹುಡುಗಿ ಪರೀಕ್ಷೆ ಬರೀಲಿ,” ಎಂದರು. ಅವರ ಮುಖ ನೋಡಿದ ಸೋದರಮಾವ ಪಂಚಾಂಗದ ಹಾಳೆಗಳನ್ನು ವೈಶಾಖದವರೆಗೆ ಮಗುಚಿದರು.

ಪರೀಕ್ಷೆ ಬರೆದೆ, ಎರಡನೆಯ ದರ್ಜೆಯಲ್ಲಿ ಪಾಸೂ ಆದೆ. ಈಗ ಪ್ರತಿ ಕುಯ್ಲಿಗೂ ಅತ್ತೆಯವರೊಡನೆ ಕಣದಲ್ಲಿ ಕೂರುತ್ತೇನೆ. ತಮ್ಮ ಮನಸ್ಸಿನಲ್ಲಿ ಏನಿದೆಯೆಂದು ಅವರು ನನ್ನನ್ನು ಮತ್ತೆಂದೂ ಕೇಳಿಲ್ಲ. ನನ್ನ ಕೆಲಸವನ್ನು ಒಂದಿಷ್ಟು ಹೊತ್ತು ನೋಡಿ, ಸೆರಗು ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾರೆ.

“ಹಾಗಲ್ಲ ಮಾರಾಯ್ತಿ. ನಮ್ಮ ಸೀತೆ ಕಾಲಲ್ಲೇ ತಿರುವ್ತಿದ್ಲು, ನೋಡು ಹೀಗೆ.”