ಮೂರನೆಯ ಅಧ್ಯಾಯದ ಹೆಂಗಸು

ಕಳೆದ ವಾರ ಶಿರಸಿಯಲ್ಲಿ ಯಲ್ಲಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆ ಬದಿಯಲ್ಲಿ ತಾಡಪಾಲು ಹಾಸಿ ಹಳೆಯ ಪುಸ್ತಕ ಮಾರುತ್ತಿದ್ದವನ ಮುಂದೆ ಸುಮ್ಮನೆ ನಿಂತೆ. ಪರೀಕ್ಷೆಯ ಗೈಡುಗಳ ನಡುವೆ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಬಿದ್ದಿತ್ತು. ಮುಖಪುಟದಲ್ಲಿ ಭುಜದಿಂದ ಜಾರುತ್ತಿರುವ ರೇಷ್ಮೆ ಗೌನಿನ ಹೆಂಗಸು, ಅವಳ ಹಿಂದೆ ಅಂಗಿಯ ಗುಂಡಿ ಹಾಕಲು ಮರೆತ ಗಂಡಸು. ಎತ್ತಿಕೊಂಡೆ. ಮಾರುವವನಿಗೇ ಮುಜುಗರವಾಯಿತು.

"ಅಕ್ಕಾ, ಅದು ನಿಮ್ಮಂಥವ್ರು ಓದೂದಲ್ಲ, ಬಿಡಿ."

ಪಾಪ, ಅವನಿಗೇನು ಗೊತ್ತು! ನನ್ನ ಯೌವನದ ಸಂಜೆಗಳಲ್ಲಿ ಅರ್ಧ ಇಂಥವುಗಳಿಗೇ ಹೋಗಿವೆ.

ನೀವು ಓದಿಲ್ಲದಿದ್ದರೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇನ್ನೂರು ವರ್ಷ ಹಿಂದಿನ ಇಂಗ್ಲೆಂಡು. ರೀಜೆನ್ಸಿ ಕಾಲ ಎನ್ನುತ್ತಾರೆ. ಒಬ್ಬ ಡ್ಯೂಕ್ ಇರಲೇಬೇಕು, ಅಂದರೆ ದೊಡ್ಡ ಜಹಗೀರುದಾರ. ಮೊದಲ ಅಧ್ಯಾಯದಲ್ಲಿ ಅವನಿಗೊಬ್ಬ ಪ್ರೇಯಸಿ, ಊರಿನ ಇನ್ನೊಂದು ಮೂಲೆಯಲ್ಲಿ ಮನೆ ಮಾಡಿಕೊಟ್ಟು ಇರಿಸಿಕೊಂಡವಳು. ಎರಡನೆಯದರಲ್ಲಿ ಬಡ ಪಾದ್ರಿಯ ಮಗಳೊಬ್ಬಳು ಅವನಿಗೆ ಎದುರುತ್ತರ ಕೊಡುತ್ತಾಳೆ, ಅವನು ಅಲ್ಲೇ ಸೋಲುತ್ತಾನೆ. ಮೂರನೆಯದರಲ್ಲಿ ಪ್ರೇಯಸಿಯ ಕೈಗೆ ಕೆಂಪು ಹರಳಿನ ಸರವೊಂದನ್ನಿಟ್ಟು, ಇನ್ನು ಬರುವುದಿಲ್ಲ ಎಂದು ಹೊರಟುಬಿಡುತ್ತಾನೆ. ಅಲ್ಲಿಗೆ ಅವಳ ಕಥೆ ಮುಗಿಯಿತು. ಕೆಲವು ಪುಸ್ತಕಗಳಲ್ಲಿ ನಡುವೆ ಒಮ್ಮೆ ನಾಯಕಿಯ ಮೇಲೆ ವಿಷ ಕಾರಲು ಬಂದು ಹೋಗುತ್ತಾಳೆ, ಅಷ್ಟೆ.

ಅವಳ ಬಗ್ಗೆ ನನ್ನನ್ನು ವಿಚಾರಿಸಿದ್ದು ಒಬ್ಬಳೇ ಒಬ್ಬಳು, ಕಮಲಕ್ಕ.

ಬಹಳ ವರ್ಷಗಳ ಹಿಂದಿನ ಮಾತು, ಆಗ ನಾನು ಶಿರಸಿಯ ಒಂದು ಶಾಲೆಯಲ್ಲಿ ಹೊಸದಾಗಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಮಲಕ್ಕನ ಮನೆಯ ಹೊರಗಿನ ಕೋಣೆಯಲ್ಲಿ ನನ್ನ ಬಾಡಿಗೆ ವಾಸ. ಅವಳು ರವಿಕೆ ಹೊಲಿಯುತ್ತಿದ್ದಳು. ಊರಿನ ದೊಡ್ಡ ಸಾಹುಕಾರರೊಬ್ಬರು ವಾರಕ್ಕೊಮ್ಮೆ ಸಂಜೆ ಅಲ್ಲಿಗೆ ಬಂದು ಹೋಗುತ್ತಾರೆ, ಮನೆಯನ್ನು ಅವಳ ಹೆಸರಿಗೆ ಮಾಡಿಸಿಕೊಟ್ಟವರು ಅವರೇ ಎಂಬುದು ನನಗೆ ತಿಳಿಯುವ ಮೊದಲೇ ಹೆಗಡೆಕಟ್ಟಾದಲ್ಲಿದ್ದ ನನ್ನ ಅಮ್ಮನಿಗೆ ತಿಳಿದಿತ್ತು.

"ಶಿರಸಿಲಿ ನಿಂಗೆ ಬೇರೆ ಮನೆನೇ ಸಿಕ್ಕಿದ್ದಿಲ್ಯನೇ?" ಎಂದು ಫೋನಿನಲ್ಲಿ ಗದರಿದಳು.

ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ರೋಮಾಂಚನವಾಗಿತ್ತು. ಪುಸ್ತಕದಲ್ಲಿ ಓದಿದ್ದು ಪಕ್ಕದ ಕೋಣೆಯಲ್ಲೇ ಇದೆಯಲ್ಲ! ಆದರೆ ರೇಷ್ಮೆ ಗೌನಿಲ್ಲ, ಕುದುರೆ ಗಾಡಿಯಿಲ್ಲ. ಕಮಲಕ್ಕನ ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು. ನಮ್ಮ ಡ್ಯೂಕ್ ಸ್ಕೂಟರಿನಲ್ಲಿ ಬರುತ್ತಿದ್ದರು, ಬಂದವರೇ ಬಿ.ಪಿ. ಮಾತ್ರೆ ನುಂಗಿ, ಕಾಳುಮೆಣಸಿನ ದರ ಬಿದ್ದ ಕಥೆ ಹೇಳಿ, ಆರಾಮಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ಉಳಿದ ಸಂಜೆಗಳಲ್ಲಿ ಕಮಲಕ್ಕ ಹೆಮ್ಮಿಂಗ್ ಮಾಡುತ್ತ ಕೂತರೆ ನಾನು ಓದಿದ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ನೃತ್ಯಕೂಟದ ವರ್ಣನೆಗೆ ತಲುಪಿ ಉಬ್ಬಿಹೋಗಿರುವಾಗ ಅವಳು ಸೂಜಿ ನಿಲ್ಲಿಸುತ್ತಿದ್ದಳು.

"ತಂಗಿ, ಆ ಸರ ತಗಂಡ ಹೆಂಗಸು ಆಮೇಲೆ ಎಂತ ಆಯ್ತು?"

"ಗೊತ್ತಿಲ್ಲ ಕಮಲಕ್ಕ, ಬರೆದಿಲ್ಲ."

"ಬರೆದವ್ರಿಗೆ ಮರ್ತೇ ಹೋಯ್ತಾ? ಅಲ್ದೆ ನಾನು ನೋಡ್ತಾನೇ ಇದ್ದೆ, ಅದು ಒಂದ್ ಸಲನಾದ್ರೂ ಚಾ ಮಾಡ್ಕಂಡು ಕುಡಿಯೂದಿಲ್ಲ. ಯಾವಾಗ ನೋಡಿದ್ರೂ ಹಾಸಿಗೆ ಮೇಲೇ ಇರ್ತದೆ. ಅದ್ಕೆ ಹಸಿವಾಗೂದಿಲ್ವಾ?"

ನಾನು ಮತ್ತೆ ನೃತ್ಯಕೂಟಕ್ಕೆ ಮರಳುತ್ತಿದ್ದೆ.

ಆ ವರ್ಷ ಸಾಹುಕಾರರ ಒಬ್ಬಳೇ ಮಗಳು ಸುಮಾಳ ಮದುವೆ ಯಲ್ಲಾಪುರದ ಕಡೆ ನಿಶ್ಚಯವಾಯಿತು. ಒಂದು ಸಂಜೆ ಅವರು ಬಂದು ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದರು. ನಾನು ಜಗಲಿಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ; ಮಾತು ಕಿವಿಗೆ ಬೀಳದಂತಿರಲು ಸಾಧ್ಯವಿರಲಿಲ್ಲ.

"ಕಮಲಾ, ಬೀಗರ ಕಡೆಯವ್ರು ವಿಚಾರಿಸ್ತಿದ್ದಾರೆ. ಇನ್ ಮೇಲೆ ನಾನು ಬರೂದು ಚೆಂದ ಅಲ್ಲ. ಮದುವೆ ಮುಗಿಯೂವರೆಗೆ ನೀನು ಸಿದ್ದಾಪುರದಲ್ಲಿ ನಿನ್ ಅಕ್ಕನ ಮನೇಲಿದ್ರೆ ಒಳ್ಳೇದು. ಇದು ಇಟ್ಕ."

ಮೇಜಿನ ಮೇಲೆ ಪೆಟ್ಟಿಗೆ ಇಟ್ಟ ಸದ್ದು. ಬಗ್ಗಿ ನೋಡಿದೆ. ಎರಡೆಳೆಯ ಬಂಗಾರದ ಸರ! ಥೇಟು ಮೂರನೆಯ ಅಧ್ಯಾಯ. ಕಮಲಕ್ಕ ಮಾತ್ರ ಅದನ್ನು ನೋಡಿದವಳೇ ನಗಲು ಶುರು ಮಾಡಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

"ಎಂತಕ್ಕೆ ನಗ್ತೀ?" ಎಂದರು ಸಾಹುಕಾರರು.

"ಇದು ಬರ್ತದೆ ಅಂತ ನಂಗೆ ಗೊತ್ತಿತ್ತು, ಅದ್ಕೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದನ್ನ ಮಗಳ ಕುತ್ತಿಗೆಗೆ ಹಾಕಿ. ಬರಬೇಡಿ ಅಂದ್ರೆ ಬರಬೇಡಿ. ಆದ್ರೆ ನಾನು ಎಲ್ಲಿಗೂ ಹೋಗೂದಿಲ್ಲ. ಮದುವೆ ಸೀಸನ್ನು, ಮಷಿನ್ ಬಿಟ್ಟು ಹೋದ್ರೆ ಗಿರಾಕಿಗೆ ಎಂತ ಹೇಳ್ಲಿ?"

ಅವರು ಪೆಟ್ಟಿಗೆ ಜೇಬಿಗೆ ಹಾಕಿಕೊಂಡು ಹೋದರು. ಆಮೇಲೆ ಕೆಲವು ದಿನ ಕಮಲಕ್ಕ ಬೆಳಗಿನಿಂದ ರಾತ್ರಿಯವರೆಗೂ ಮಷಿನ್ ತುಳಿದಳು. ನಾನು ಕಥೆ ಹೇಳಲೇ ಎಂದರೆ ಬೇಡವೆನ್ನುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದಳು.

ಹಾಗಿರುವಾಗ ಒಂದು ಮಧ್ಯಾಹ್ನ ಸುಮಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಧಾರೆಯ ರವಿಕೆಯ ಬಟ್ಟೆ.

"ನಾನು ಯಾರು ಅಂತ ನಿಮಗೆ ಗೊತ್ತು," ಎಂದಳು.

"ಗೊತ್ತು."

"ಅಮ್ಮನೇ ಕಳ್ಸಿದ್ದು. ಅಪ್ಪ ಸರ ವಾಪಸ್ ತಂದಿದ್ದು ಅಮ್ಮನ ಕಣ್ಣಿಗೆ ಬಿತ್ತು. ಎಲ್ಲಾ ಅಪ್ಪನ ಬಾಯಿಂದ ಹೇಳಿಸಿದ್ಲು. ಅವಳಿಗೆ ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಅಲ್ಲ. ಆದ್ರೆ ಮಗಳ ಮದುವೆ ಹೆಸ್ರಲ್ಲಿ ಯಾರನ್ನೂ ಊರು ಬಿಡ್ಸೂದು ಬೇಡ ಅಂದ್ಲು. ಮದುವೆಗೂ ಬರಬೇಕಂತೆ." ಒಂದೇ ಉಸಿರಿಗೆ ಹೇಳಿ ಮುಗಿಸಿ, ಅಳುವ ದನಿಯಲ್ಲಿ ಕೇಳಿದಳು, "ಹೊಲೀತೀರಾ?"

ನಾನು ಓದಿದ ಪುಸ್ತಕಗಳಲ್ಲಿ ಇಂಥ ಹೊತ್ತಿಗೆ ಯಾರಾದರೂ ಯಾರ ಮೇಲಾದರೂ ಹರಿಹಾಯಬೇಕಿತ್ತು. ಕಮಲಕ್ಕ ಕುತ್ತಿಗೆಯಿಂದ ಟೇಪು ತೆಗೆದಳು.

"ಕೈ ಎತ್ತು ಮಗಾ. ಅಳತೆ ತಗಳ್ತೆ."

ಮದುವೆಗೆ ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದಳು. ಛತ್ರದ ಬಾಗಿಲಲ್ಲಿ ಸೆರಗು ಸರಿಮಾಡಿಕೊಂಡಳು. ಪನ್ನೀರು ಚಿಮುಕಿಸುತ್ತ ನಿಂತಿದ್ದವರು ಸಾಹುಕಾರರ ಹೆಂಡತಿ ಶಾರದಮ್ಮ. ಒಬ್ಬರನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಶಾರದಮ್ಮ ಪನ್ನೀರುದಾನಿಯನ್ನು ಪಕ್ಕದವರ ಕೈಗೆ ಕೊಟ್ಟರು.

"ಬಂದ್ಯಾ? ಒಳಗೆ ಹೋಗು. ರವಿಕೆ ತೋಳು ಸ್ವಲ್ಪ ಬಿಗಿ ಅಂತ ಕುಣೀತಿದ್ದಾಳೆ ಸುಮಾ, ಸಡಿಲ ಮಾಡ್ಕೊಡು."

ಹೇಳಿದ್ದು ಅಷ್ಟೇ. ಅಷ್ಟಕ್ಕೇ ಕಮಲಕ್ಕ ತಲೆ ಎತ್ತಿಕೊಂಡು ಮದುಮಗಳ ಕೋಣೆಗೆ ನಡೆದಳು. ದೂರದಲ್ಲಿ ಒಂದು ಕಂಬದ ಮರೆಯಲ್ಲಿ ನಮ್ಮ ಡ್ಯೂಕ್ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಸಾಹುಕಾರರು ಆಮೇಲೆ ಆ ಮನೆಗೆ ಬರಲಿಲ್ಲ. ಸುಮಾ ಬಂದಳು. ತವರಿಗೆ ಬಂದಾಗೆಲ್ಲ ಕಮಲಕ್ಕನ ಹತ್ತಿರ ಹೊಲಿಗೆ ಕಲಿತಳು. ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಯಲ್ಲಾಪುರದಲ್ಲಿ ಅಂಗಡಿ ತೆರೆದು, ಕಮಲಕ್ಕನನ್ನು ಪಾಲುದಾರಳಾಗಿ ಕರೆಸಿಕೊಂಡಳು. ಸಾಹುಕಾರರು ತೀರಿಕೊಂಡ ಮೇಲೆ ಶಾರದಮ್ಮನೂ ಮಗಳ ಮನೆಗೇ ಬಂದರು.

ಕಳೆದ ವಾರ ಆ ಪುಸ್ತಕವನ್ನು ಗೈಡುಗಳ ನಡುವೆಯೇ ಇಟ್ಟು ನಾನು ಯಲ್ಲಾಪುರದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಸುಮಾ ಬಟ್ಟೆ ಕತ್ತರಿಸುತ್ತಿದ್ದಳು. ಶಾರದಮ್ಮ ಗೋಡೆಗೊರಗಿ ಹುಕ್ಕು ಹಚ್ಚುತ್ತಿದ್ದರು. ಕಮಲಕ್ಕ ಈಗ ಹೆಚ್ಚು ಹೊಲಿಯುವುದಿಲ್ಲ, ಕೂತಲ್ಲಿಂದಲೇ ಎಲ್ಲರ ತಪ್ಪು ಹಿಡಿಯುತ್ತಾಳೆ. "ಹುಕ್ಕು ಸೊಟ್ಟ ಆಯ್ತು" ಎಂದು ಇವಳು, "ನಿನ್ ಕನ್ನಡಕನೇ ಸೊಟ್ಟ" ಎಂದು ಅವರು. ನಾನು ಚಹಾ ಕುಡಿಯುತ್ತ ಕೇಳುತ್ತಿದ್ದೆ. ಆಗ ಊರಿಗೆ ಹೊಸಬಳಾದ ಗಿರಾಕಿಯೊಬ್ಬಳು ಒಳಗೆ ಬಂದು, ಇಬ್ಬರನ್ನೂ ನೋಡಿ, ಮಾತಿಗೆಂದು ಕಮಲಕ್ಕನ ಕಡೆ ಕೈ ತೋರಿ ಶಾರದಮ್ಮನನ್ನು ಕೇಳಿದಳು:

"ಅಮ್ಮಾ, ಇವ್ರು ನಿಮಗೆ ಏನಾಗಬೇಕು?"

ಸುಮಾಳ ಕತ್ತರಿ ನಿಂತಿತು. ಶಾರದಮ್ಮ ಬಾಯಲ್ಲಿ ದಾರ ಕಚ್ಚಿ ಹರಿದರು, ತಲೆ ಎತ್ತಲಿಲ್ಲ.

"ನಮ್ಮನೆಯವಳು," ಎಂದರು.