ಒರೆಸಬಾರದಿದ್ದ ಚೆಂಡು

ಎರಡು ಸಾವಿರದ ನಾಲ್ಕರಲ್ಲಿ ನಾನು ಓದು ನಿಲ್ಲಿಸಿದೆ, ಒಂಬತ್ತನೇ ತರಗತಿಯ ಅರ್ಧದಲ್ಲಿ. ಸರ್ಜಾಪುರದ ಕಡೆ ಗಾಲ್ಫ್ ಮೈದಾನಕ್ಕೆ ಹುಲ್ಲು ಹಾಸುವ ಕೂಲಿಯಾಗಿ ಸೇರಿದವನು ಎರಡು ವರ್ಷದಲ್ಲಿ ಕ್ಯಾಡಿಯಾದೆ. ಕ್ಯಾಡಿ ಎಂದರೆ ಆಟಗಾರರ ಚೀಲ ಹೊರುವವನು ಎಂದಷ್ಟೇ ಜನ ತಿಳಿದಿದ್ದಾರೆ. ಚೀಲವನ್ನು ಕತ್ತೆಯೂ ಹೊರುತ್ತದೆ. ಗಾಳಿ ಯಾವ ಕಡೆಗಿದೆ, ಯಾವ ಸ್ಟಿಕ್ ಕೊಡಬೇಕು, ಚೆಂಡನ್ನು ಯಾವಾಗ ಮುಟ್ಟಬಹುದು, ಯಾವಾಗ ಮುಟ್ಟಬಾರದು, ಇದೆಲ್ಲ ತಲೆಯಲ್ಲಿರಬೇಕು. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿದೆ. ಅವರಿವರನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಇಂಜಿನಿಯರಿಂಗ್ ಓದಿದ ಆಟಗಾರರೂ ಅನುಮಾನ ಬಂದಾಗ ನನ್ನ ಮುಖ ನೋಡುತ್ತಿದ್ದರು. ನೋಡಲಿ ಎಂದೇ ನಾನೂ ಕಲಿತದ್ದು.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯ ಮಾಲೀಕರೊಬ್ಬರಿದ್ದರು. ಒಂಬತ್ತು ವರ್ಷ ಅವರು ತಮ್ಮ ಚೀಲವನ್ನು ಬೇರೆ ಯಾರ ಹೆಗಲಿಗೂ ಕೊಟ್ಟವರಲ್ಲ. ವಾರಕ್ಕೆ ಮೂರು ದಿನ ಅವರ ಆಟ. ನನ್ನ ಸಂಸಾರ ನಿಂತಿದ್ದುದೇ ಆ ಮೂರು ದಿನದ ಮೇಲೆ. ಸಾರ್ ಬಾಯಿ ಜೋರು, ಸೋತರೆ ಇನ್ನೂ ಜೋರು. ಕ್ಲಬ್ಬಿನ ವರ್ಷದ ಕಪ್ ಅವರಿಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಮಳೆಗಾಲದಲ್ಲಿ ನಮ್ಮಲ್ಲೊಂದು ರಿಯಾಯಿತಿ ಇರುತ್ತದೆ. ಕತ್ತರಿಸಿದ ಹುಲ್ಲಿನ ದಾರಿಯಲ್ಲಿ ಚೆಂಡಿಗೆ ಕೆಸರು ಹತ್ತಿದರೆ ಎತ್ತಿ, ಒರೆಸಿ, ಮತ್ತೆ ಇಡಬಹುದು. ಮಳೆ ನಿಂತ ಮೇಲೆ ಆ ರಿಯಾಯಿತಿ ಇರುವುದಿಲ್ಲ. ಆಮೇಲೆ ಒರೆಸಬೇಕೆಂದರೆ ಸಾಮಾನ್ಯವಾಗಿ ಚೆಂಡು ಬೀಳಿಸಬೇಕಾದ ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು ತಲುಪಬೇಕು. ನಡುದಾರಿಯಲ್ಲಿ ಒಬ್ಬರ ಚೆಂಡು ಇನ್ನೊಬ್ಬರಿಗೆ ಅಡ್ಡವಾದರೆ ಗುರುತಿಟ್ಟು ಎತ್ತಬಹುದು, ಆದರೆ ಒರೆಸುವಂತಿಲ್ಲ. ಒರೆಸಿದರೆ ಆಟಗಾರನಿಗೆ ಒಂದು ಹೊಡೆತದ ದಂಡ; ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆಲ್ಲುವ ಆಟ ಇದು. ಅದಕ್ಕೇ ಬಲ್ಲ ಕ್ಯಾಡಿ ಅಂಥ ಚೆಂಡನ್ನು ಎರಡೇ ಬೆರಳಲ್ಲಿ, ಮೈಯಿಂದ ದೂರಕ್ಕೆ, ಎಲ್ಲರಿಗೂ ಕಾಣುವಂತೆ ಹಿಡಿಯುತ್ತಾನೆ.

ಕಪ್ಪಿನ ದಿನ ಬೆಳಗ್ಗೆ ರಿಯಾಯಿತಿಯ ಬೋರ್ಡು ತೆಗೆದಿದ್ದರು. ಕ್ಯಾಡಿಗಳ ಶೆಡ್ಡಿನಲ್ಲಿ ಅದನ್ನು ಕೂಗಿ ಹೇಳಿದವನು ನಾನೇ.

"ಲೋ, ಇವತ್ತಿಂದ ಒರ್ಸಂಗಿಲ್ಲ ಕಣ್ರೋ. ಯಾವನಾದ್ರೂ ಒರ್ಸುದ್ರೆ ಟವಲ್ಲಲ್ಲೇ ಬಾರಿಸ್ತೀನಿ."

ಹದಿನೆಂಟರಲ್ಲಿ ಹದಿನೈದು ಕುಳಿ ಮುಗಿದಾಗ ಸಾರ್ ಒಂದು ಹೊಡೆತ ಮುಂದಿದ್ದರು. ಎದುರಿಗೆ ವೈಟ್‌ಫೀಲ್ಡಿನ ಒಬ್ಬ ಡಾಕ್ಟರು. ಹದಿನಾರನೆಯದರಲ್ಲಿ, ಹೊಂಡದ ಪಕ್ಕದ ತಗ್ಗಿನಲ್ಲಿ, ಎರಡೂ ಚೆಂಡು ಒಂದು ಗೇಣು ಅಂತರದಲ್ಲಿ ಬಿದ್ದಿದ್ದವು. ಅಲ್ಲಿನ ನೆಲ ಇನ್ನೂ ಆರಿರಲಿಲ್ಲ. ನಮ್ಮ ಚೆಂಡಿನ ಒಂದು ಮಗ್ಗುಲಿಗೆ ಕೆಸರು.

"ನಿಮ್ದು ಅಡ್ಡ ಬರ್ತಿದೆ, ಸ್ವಲ್ಪ ಎತ್ತಿಸ್ತೀರಾ?" ಎಂದರು ಡಾಕ್ಟರು.

"ಎತ್ಕೊಳೋ," ಎಂದು ಸಾರ್ ಸ್ಟಿಕ್ ಆರಿಸಲು ಚೀಲದ ಕಡೆ ತಿರುಗಿದರು.

ಗುರುತಿಟ್ಟೆ. ಎತ್ತಿದೆ. ನಾಲ್ಕು ತಿಂಗಳು ಬಿಡದೆ ಮಾಡಿದ ಕೆಲಸ. ಕೈ ತಾನಾಗಿ ಹೆಗಲ ಮೇಲಿನ ಒದ್ದೆ ಟವಲ್ಲಿಗೆ ಹೋಯಿತು, ಹೆಬ್ಬೆರಳು ಒಂದು ಸುತ್ತು ತಿರುಗಿತು. ಚೆಂಡು ಬೆಳ್ಳಗಾದ ಮೇಲೆ ನನಗೆ ಎಚ್ಚರವಾಯಿತು.

ಡಾಕ್ಟರು ತಮ್ಮ ಚೆಂಡನ್ನೇ ನೋಡುತ್ತಿದ್ದರು. ಸಾರ್ ಬೆನ್ನು ಮಾಡಿದ್ದರು. ನೋಡಿದವನು ಡಾಕ್ಟರ ಕ್ಯಾಡಿ ಒಬ್ಬನೇ. ರಾಯಚೂರು ಕಡೆಯವನು, ಕೆಲಸವನ್ನು ನನ್ನ ಹತ್ತಿರವೇ ಕಲಿತವನು. ಡಾಕ್ಟರು ಹೊಡೆದು ಮುಂದೆ ನಡೆದಾಗ ಪಕ್ಕಕ್ಕೆ ಬಂದ.

"ಅಣ್ಣಾ, ಟವೆಲ್‌ಲೇ ಬಾರಿಸ್ತೀನಿ ಅಂದಿದ್ದಿ. ಈಗ ಯಾರು ಬಾರಸಬೇಕು ನಿನಗ?"

ನಾನು ಗುರುತಿನ ಕಡೆ ಬಗ್ಗಿದೆ.

"ಹೋಗಲಿ, ನಾ ಏನೂ ನೋಡಿಲ್ಲ. ಗಪ್ ಇಟ್ಟುಬಿಡು."

ಇಟ್ಟೆ. "ಸಾರ್" ಎಂದಿದ್ದರೆ ಸಾಕಿತ್ತು. ಕೆಸರು ಹತ್ತಿದ ಚೆಂಡು ಸೊಟ್ಟ ಹಾರುತ್ತದೆ, ನಾನು ಒರೆಸಿದ್ದು ನೆಟ್ಟಗೆ ಹಾರಿ ಕುಳಿಯ ಬಾವುಟದ ಹತ್ತಿರ ನಿಂತಿತು. "ನೋಡ್ದಾ ಗುರು, ಹೆಂಗೆ?" ಎಂದು ಸಾರ್ ನನ್ನ ಬೆನ್ನಿಗೆ ತಟ್ಟಿದರು. ತಟ್ಟಿದ ಜಾಗ ಉರಿಯಿತು.

ಹದಿನೇಳು, ಹದಿನೆಂಟು. ಪ್ರತಿ ಹೊಡೆತಕ್ಕೂ ಮುಂಚೆ ಈಗ ಹೇಳುತ್ತೇನೆ ಅಂದುಕೊಳ್ಳುವುದು, ಹೊಡೆದ ಮೇಲೆ ಇನ್ನೊಂದು ಆಗಲಿ ಅಂದುಕೊಳ್ಳುವುದು. ಅಂತರ ಅದೇ ಒಂದು ಹೊಡೆತ. ಸಾರ್ ಕೊನೆಯ ಚೆಂಡು ಕುಳಿಗೆ ಹಾಕಿ ಕೂಗಿದ ಕೂಗು ರಸ್ತೆಗೆ ಕೇಳಿಸಿರಬೇಕು.

"ಕಪ್ ನಮ್ದು ಕಣೋ! ನಾಳೆ ನಿನ್ ಮನೆಗೆ ಬಿರಿಯಾನಿ!"

ಮೇಜಿನ ಮುಂದೆ ಕೂತು ಹೊಡೆತಗಳ ಲೆಕ್ಕ ಬರೆದ ಕಾರ್ಡಿಗೆ ಸಹಿ ಹಾಕಲು ಪೆನ್ನು ತೆಗೆದರು. ಸಹಿ ಬಿದ್ದರೆ ನನ್ನ ತಪ್ಪು ಅವರ ಸುಳ್ಳಾಗುತ್ತಿತ್ತು.

"ಸಾರ್, ಸೈನ್ ಮಾಡ್ಬೇಡಿ."

"ಯಾಕೋ?"

"ಹದಿನಾರ್ರಲ್ಲಿ ಬಾಲ್ ಎತ್ತಿದ್ನಲ್ಲ ಸಾರ್, ಒರ್ಸ್ಬುಟ್ಟೆ."

ಅವರು ದನಿ ತಗ್ಗಿಸಿದರು. "ಯಾರಾದ್ರೂ ನೋಡಿದ್ರಾ?"

"ಅದು ಬೇರೆ ಮಾತು ಸಾರ್. ಒರ್ಸಿರೋದು ನಿಜ."

ಪಕ್ಕದಲ್ಲೇ ಕೂತಿದ್ದ ಡಾಕ್ಟರು ಮುಜುಗರದಿಂದ "ಬಿಡಿ, ಪರವಾಗಿಲ್ಲ" ಎಂದರು. ಬಿಡುವುದು ಅವರ ಕೈಯಲ್ಲೂ ಇರಲಿಲ್ಲ. ಮೇಜಿನ ಹಿಂದಿದ್ದ ಕಮಿಟಿಯವರು ಆಗುವುದಿಲ್ಲವೆಂದು ತಲೆಯಾಡಿಸಿದರು. ಹದಿನಾರರ ಲೆಕ್ಕಕ್ಕೆ ಒಂದು ಹೊಡೆತ ಕೂಡಿತು, ಇಬ್ಬರೂ ಸಮ ಆದರು. ಗೆಲುವು ನಿರ್ಧರಿಸಲು ಒಂದೊಂದೇ ಕುಳಿಯಂತೆ ಮತ್ತೆ ಆಡಿಸಿದರು. ಎರಡನೇ ಕುಳಿಯಲ್ಲಿ ಸಾರ್ ಸೋತರು.

ಕಾರಿನ ಹಿಂಬದಿಗೆ ಚೀಲ ಇಡುವಾಗ ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈಯಲಿಲ್ಲ.

"ಒರ್ಸಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೋ. ಅಲ್ಲೇ ಹೇಳಿದ್ರೆ, ಸಮ ಇದೀವಿ ಅಂತ ಉಳಿದಿದ್ದನ್ನ ಬೇರೆ ಥರ ಆಡ್ತಿದ್ದೆ. ಮುಂದಿದೀನಿ ಅನ್ಕೊಂಡು ಕೊನೇಲಿ ಕೈ ಹಿಡಿದು ಆಡ್ದೆ. ಒಂಬತ್ತು ವರ್ಷ ಆದ್ಮೇಲೂ ನನ್ ಹತ್ರ ಮುಚ್ಚಿಟ್ಯಲ್ಲ."

ಹೇಳಿದ್ದಕ್ಕೆ ಬೆಲೆ ಸಿಗುತ್ತದೆ ಎಂದು ಒಳಗೊಳಗೇ ಅಂದುಕೊಂಡಿದ್ದೆ. ಕಾರಿನ ಹಿಂಬದಿ ಮುಚ್ಚಿ ಪಕ್ಕಕ್ಕೆ ಸರಿದೆ. ಮಂಗಳವಾರ ಅವರ ಚೀಲ ಬೇರೆಯವನ ಹೆಗಲ ಮೇಲಿತ್ತು. ನಾನು ಹೋಗಿ ಕೇಳಲಿಲ್ಲ, ಅವರೂ ಕರೆಯಲಿಲ್ಲ.

ಈಗ ನನಗಿರುವುದು ಎರಡು ಕೋಣೆಯ ಸ್ವಂತ ಮನೆ, ಒಂದು ಮೊಪೆಡ್, ಪಿಯುಸಿ ಓದುವ ಮಗಳು, ಮೊದಲ ದರ್ಜೆಯ ಬ್ಯಾಡ್ಜು, ನನ್ನನ್ನೇ ಬೇಕೆಂದು ಕೇಳುವ ಆಟಗಾರರು ಇಬ್ಬರು. ಇಬ್ಬರೂ ಭಾನುವಾರ ಮಾತ್ರ ಬರುತ್ತಾರೆ. ಸೋಮವಾರ ಮೈದಾನಕ್ಕೆ ರಜೆ. ಉಳಿದ ಐದು ದಿನ ಶೆಡ್ಡಿನ ಸರತಿಯಲ್ಲಿ ನಿಲ್ಲುತ್ತೇನೆ.